ಬುಧಾದಿತ್ಯ ಯೋಗ: ಸ್ವಲ್ಪ ಶಾಸ್ತ್ರ, ಸ್ವಲ್ಪ ಲೆಕ್ಕ

ಈ ಸಲ ಸ್ವಲ್ಪ ಬೇರೆ ಥರದ ವಿಷಯ ತಗೊಂಡಿದ್ದೀನಿ: ಜಾತಕದಲ್ಲಿ ಬರುವ ಗ್ರಹಯುತಿ. ನಮ್ಮಲ್ಲಿ ತುಂಬಾ ಜನರ ಮನೆಯ ಬೀರುವಿನಲ್ಲಿ ಒಂದು ಜಾತಕ ಇದ್ದೇ ಇರುತ್ತೆ. ಆದರೆ ಅದರಲ್ಲಿ ಏನು ಬರೆದಿದೆ ಅಂತ ಓದೋಕೆ ಬರುವವರು ಕಡಿಮೆ. ಇಲ್ಲಿ ಒಂದೇ ಒಂದು ಯುತಿಯನ್ನು ತಗೊಂಡು ಮೂರು ಪ್ರಶ್ನೆ ನೋಡೋಣ. ಶಾಸ್ತ್ರ ಏನು ಹೇಳುತ್ತೆ? ಆಕಾಶದಲ್ಲಿ ಏನು ನಡೆಯುತ್ತೆ? ಅದರಿಂದ ಒಬ್ಬರ ಸ್ವಭಾವ ಹೇಳಬಹುದಾ?

ಯುತಿ ಅಂದ್ರೆ ಏನು?

ಜ್ಯೋತಿಷ್ಯದಲ್ಲಿ ಆಕಾಶದ 360 ಡಿಗ್ರಿ ವೃತ್ತವನ್ನು ತಲಾ 30 ಡಿಗ್ರಿಯ 12 ರಾಶಿಗಳಾಗಿ ಭಾಗ ಮಾಡುತ್ತಾರೆ. ನಾವು ಹುಟ್ಟಿದಾಗ ಯಾವ ಗ್ರಹ ಯಾವ ರಾಶಿಯಲ್ಲಿತ್ತು ಅಂತ ತೋರಿಸೋದೇ ಕುಂಡಲಿಯ ಆ 12 ಚೌಕಗಳು. ಈ ಪದ್ಧತಿಯಲ್ಲಿ ಸೂರ್ಯ, ಚಂದ್ರರೂ ಗ್ರಹಗಳೇ. ಎರಡು ಗ್ರಹ ಒಂದೇ ಮನೆಯಲ್ಲಿದ್ದರೆ ಅದು ಯುತಿ.

ಯುತಿ ಅಂದ ಮಾತ್ರಕ್ಕೆ ಗ್ರಹಗಳು ಒಂದಕ್ಕೊಂದು ಹತ್ತಿರ ಬಂದಿವೆ ಅಂತಲ್ಲ. ಭೂಮಿಯಿಂದ ನೋಡಿದಾಗ ಒಂದೇ ದಿಕ್ಕಿನಲ್ಲಿ ಕಾಣುತ್ತವೆ, ಅಷ್ಟೇ. 2020ರ ಡಿಸೆಂಬರ್ 21ರಂದು ಗುರು, ಶನಿ ಎರಡೂ ಅಂಟಿಕೊಂಡಂತೆ ಕಾಣಿಸಿದವು. ಕೋನದ ಅಂತರ ಸುಮಾರು 0.1 ಡಿಗ್ರಿ ಮಾತ್ರ. ಆದರೆ ಅವತ್ತೂ ಅವುಗಳ ನಡುವೆ 70 ಕೋಟಿ ಕಿಲೋಮೀಟರ್‌ಗಿಂತ ಹೆಚ್ಚು ದೂರ ಇತ್ತು.

ಶಾಸ್ತ್ರದಲ್ಲಿ ಏನಿದೆ?

6ನೇ ಶತಮಾನದ ವರಾಹಮಿಹಿರ ತನ್ನ 'ಬೃಹಜ್ಜಾತಕ'ದಲ್ಲಿ ಎರಡೆರಡು ಗ್ರಹ ಸೇರಿದರೆ ಏನು ಫಲ ಅಂತ ಪಟ್ಟಿ ಕೊಟ್ಟಿದ್ದಾನೆ. ನಮ್ಮಂಥ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಅದನ್ನು ಓದಿದರೆ ನಗು ಬರುತ್ತೆ. ಸೂರ್ಯನ ಜೊತೆ ಚಂದ್ರ ಇದ್ದರೆ ಯಂತ್ರ ಮಾಡುವವನು ಅಥವಾ ಕಲ್ಲಿನ ಕೆಲಸದವನು. ಅಂದ್ರೆ ಅಮಾವಾಸ್ಯೆ ಆಸುಪಾಸಿನಲ್ಲಿ ಹುಟ್ಟಿದವರಿಗೆ ಮೆಕ್ಯಾನಿಕಲ್ ಅಥವಾ ಸಿವಿಲ್! ಸೂರ್ಯನ ಜೊತೆ ಶನಿ ಇದ್ದರೆ ಲೋಹ, ಪಾತ್ರೆಗಳ ಕೆಲಸದಲ್ಲಿ ಕುಶಲ. ಅದು ಮೆಟಲರ್ಜಿ ಅಂತ ಇಟ್ಕೊಳ್ಳಿ.

ಸೂರ್ಯನ ಜೊತೆ ಬುಧ ಇದ್ದರೆ? ಕೆಲಸದಲ್ಲಿ ನಿಪುಣ, ಬುದ್ಧಿವಂತ, ಹೆಸರು ಮತ್ತು ಸುಖ ಇರುವವನು. ಇದನ್ನೇ ಈಗ ಬುಧಾದಿತ್ಯ ಯೋಗ ಅಂತಾರೆ. ಸೂರ್ಯ ಆತ್ಮಕ್ಕೆ ಕಾರಕ. ಬುಧ ಬುದ್ಧಿ, ಮಾತು, ಗಣಿತಕ್ಕೆ ಕಾರಕ. ಎರಡೂ ಸೇರಿದರೆ ತಲೆ ಚುರುಕು ಅನ್ನೋದು ಇದರ ಹಿಂದಿನ ತರ್ಕ.

ಈಗ ಲೆಕ್ಕ

ಬುಧ ಸೂರ್ಯನಿಂದ ಸರಾಸರಿ 5.8 ಕೋಟಿ ಕಿಲೋಮೀಟರ್ ದೂರದಲ್ಲಿದೆ, ಭೂಮಿ 15 ಕೋಟಿ. ಬುಧನ ಕಕ್ಷೆ ನಮ್ಮ ಕಕ್ಷೆಯ ಒಳಗಿದೆ. ಹಾಗಾಗಿ ಇಲ್ಲಿಂದ ನೋಡಿದಾಗ ಬುಧ ಸೂರ್ಯನನ್ನು ಬಿಟ್ಟು ಹೆಚ್ಚು ದೂರ ಹೋಗೋಕೆ ಆಗಲ್ಲ. ಹೆಚ್ಚೆಂದರೆ 28 ಡಿಗ್ರಿ. ಒಂದು ರಾಶಿ 30 ಡಿಗ್ರಿ ಅಲ್ವಾ? ಆದ್ದರಿಂದ ಯಾರ ಕುಂಡಲಿಯಲ್ಲೇ ಆಗಲಿ, ಬುಧ ಇರೋದು ರವಿ ಇರುವ ಮನೆಯಲ್ಲಿ, ಇಲ್ಲಾಂದ್ರೆ ಅದರ ಹಿಂದಿನ ಅಥವಾ ಮುಂದಿನ ಮನೆಯಲ್ಲಿ. ಬೇಕಾದ್ರೆ ನಿಮ್ಮ ಜಾತಕ ತೆಗೆದು ನೋಡಿ. ಬುಧ ಇನ್ನೆಲ್ಲೋ ಇದ್ದರೆ ಆ ಜಾತಕ ಬರೆದಿದ್ದೇ ತಪ್ಪು!

ಹಾಗಾದ್ರೆ ಎಷ್ಟು ಜನರಿಗೆ ಈ ಯೋಗ ಇರುತ್ತೆ? ಎರಡೂ ಕಕ್ಷೆಗಳು ಪೂರ್ತಿ ವೃತ್ತ ಅಂತ ಇಟ್ಕೊಂಡು ಇಂಟಿಗ್ರೇಟ್ ಮಾಡಿದರೆ, ಸೂರ್ಯ ಮತ್ತು ಬುಧರ ನಡುವಿನ ಸರಾಸರಿ ಕೋನ ಸುಮಾರು 14.4 ಡಿಗ್ರಿ ಬರುತ್ತೆ. ಸೂರ್ಯ ರಾಶಿಯ ಯಾವ ಡಿಗ್ರಿಯಲ್ಲಾದರೂ ಇರಬಹುದು. ಹಾಗಾಗಿ ಎರಡೂ ಒಂದೇ ಮನೆಯಲ್ಲಿರುವ ಸಂಭವನೀಯತೆ 1ರಿಂದ 14.4/30 ಕಳೆದರೆ ಸಿಗುತ್ತೆ, ಅಂದ್ರೆ 0.52. 60 ಜನರ ಕ್ಲಾಸಿನಲ್ಲಿ ಸುಮಾರು 31 ಜನ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನ ಬುಧಾದಿತ್ಯ ಯೋಗದವರೇ!

ಇದರಲ್ಲಿ ಇನ್ನೊಂದು ತಿರುವು ಇದೆ. ಗ್ರಹ ಸೂರ್ಯನಿಗೆ ತೀರಾ ಹತ್ತಿರ ಬಂದರೆ ಕಣ್ಣಿಗೆ ಕಾಣಲ್ಲ. ಅದನ್ನು ಅಸ್ತ ಅಂತಾರೆ. ಬುಧನಿಗೆ 'ಸೂರ್ಯಸಿದ್ಧಾಂತ' ಕೊಡುವ ಮಿತಿ 14 ಡಿಗ್ರಿ, ವಕ್ರಿಯಾಗಿದ್ದರೆ 12. ಅಸ್ತವಾದ ಗ್ರಹಕ್ಕೆ ಬಲ ಕಡಿಮೆ ಅನ್ನೋದು ಸಾಮಾನ್ಯ ನಿಯಮ. ಅಂದ್ರೆ ಒಂದೇ ಕುಂಡಲಿಯಲ್ಲಿ ಬುದ್ಧಿವಂತಿಕೆಯ ಯೋಗವೂ ಇರಬಹುದು, ಬುಧ ದುರ್ಬಲನೂ ಆಗಿರಬಹುದು. ಚೆನ್ನಾಗಿ ಓದಿದರೆ ಯೋಗದ ಫಲ, ಓದದೇ ಇದ್ದರೆ ಅಸ್ತದ ಫಲ. ಯಾವ ರಿಸಲ್ಟ್ ಬಂದರೂ ವಿವರಣೆ ರೆಡಿ ಇರುತ್ತೆ.

ಜ್ಯೋತಿಷಿಗಳ ಉತ್ತರ

ಜ್ಯೋತಿಷಿಗಳು ಇದಕ್ಕೆ ಹೇಳೋದೇನಂದ್ರೆ, ಒಂದೇ ಯೋಗ ನೋಡಬಾರದು. ಲಗ್ನ, ಭಾವ, ದೃಷ್ಟಿ, ದಶೆ ಎಲ್ಲ ಸೇರಿಸಿ ಇಡೀ ಜಾತಕ ನೋಡಬೇಕು. ನ್ಯಾಯವಾದ ಮಾತು. ಹಾಗೆ ಇಡೀ ಜಾತಕವನ್ನೇ ಕೊಟ್ಟು ಮಾಡಿದ ಪರೀಕ್ಷೆಯೂ ಒಂದಿದೆ.

ಖಗೋಳ ವಿಜ್ಞಾನಿ ಜಯಂತ ನಾರ್ಳಿಕರ್ ಮತ್ತು ಅವರ ಜೊತೆಗಾರರು ಮಹಾರಾಷ್ಟ್ರದಲ್ಲಿ 200 ಮಕ್ಕಳ ಜನ್ಮವಿವರ ಸಂಗ್ರಹಿಸಿದರು. ಅರ್ಧ ಜನ ಓದಿನಲ್ಲಿ ತುಂಬಾ ಚುರುಕಾದ ಮಕ್ಕಳು, ಇನ್ನರ್ಧ ಬೌದ್ಧಿಕ ಬೆಳವಣಿಗೆಯ ತೊಂದರೆ ಇದ್ದ ಮಕ್ಕಳು. 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಯಾವ ಮಗು ಯಾವ ಗುಂಪಿನದು ಅಂತ ಹೇಳಲು ಕೇಳಿದರು. ಸರಿ ಉತ್ತರ ಸರಾಸರಿ 46%. ಒಂದು ಜ್ಯೋತಿಷ್ಯ ಸಂಸ್ಥೆ 200 ಜಾತಕವನ್ನೂ ನೋಡಿ 102 ಸರಿ ಹೇಳಿತು. ನಾಣ್ಯ ಚಿಮ್ಮಿದರೂ ಸುಮಾರು 100 ಸರಿ ಬರುತ್ತೆ. ಇದು 2009ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬುದ್ಧಿ ಜಾತಕದಲ್ಲಿ ಕಾಣುವುದಾದರೆ ಇಲ್ಲಿ ಕಾಣಲೇಬೇಕಿತ್ತು.

ಇಷ್ಟೆಲ್ಲ ಯಾಕೆ?

ನಮ್ಮ ಕ್ಲಾಸಿನ ಒಬ್ಬನ ಕುಂಡಲಿಯಲ್ಲಿ ಬುಧ ರವಿಯ ಹಿಂದಿನ ಮನೆಯಲ್ಲಿದ್ದಾನೆ. 'ಇವನಿಗೆ ಬುಧನ ಬಲ ಇಲ್ಲ, ಗಣಿತ ತಲೆಗೆ ಹತ್ತಲ್ಲ' ಅಂತ ಅವನ ಮನೆಯಲ್ಲಿ ಹೈಸ್ಕೂಲಿನಿಂದಲೇ ಹೇಳ್ತಾ ಬಂದಿದ್ದಾರೆ. ಅವನು ಈಗಲೂ ಮ್ಯಾಥ್ಸ್ ಪೇಪರ್‌ನಲ್ಲಿ ಕಷ್ಟದ ಪ್ರಶ್ನೆ ಕಂಡರೆ ಪ್ರಯತ್ನವನ್ನೇ ಮಾಡದೆ ಬಿಟ್ಟುಬಿಡ್ತಾನೆ. ನನಗೆ ಬೇಜಾರು ಅನ್ಸೋದು ಇಲ್ಲೇ. ಬುಧ ಅವನಿಗೆ ಏನೂ ಮಾಡಿಲ್ಲ, ಆ ಮಾತು ಮಾಡಿದೆ.

ಹಾಗಂತ ಜಾತಕ ಬಿಸಾಡಿ ಅಂತ ನಾನು ಹೇಳ್ತಿಲ್ಲ. ದೂರದರ್ಶಕ ಇಲ್ಲದ ಕಾಲದಲ್ಲಿ ಗ್ರಹಗಳ ಸ್ಥಾನವನ್ನು ಲೆಕ್ಕ ಹಾಕಿದವರ ಶ್ರಮ ಅದರಲ್ಲಿದೆ. ನೀವು ಹುಟ್ಟಿದ ಹೊತ್ತಿನ ಆಕಾಶದ ನಕ್ಷೆ ಅಂತ ಅದನ್ನು ಓದಿ, ಖುಷಿಯಾಗುತ್ತೆ. ಆದರೆ ಯಾರಾದರೂ ಅದನ್ನು ನೋಡಿ 'ನೀನು ಇಂಥವನು' ಅಂದರೆ, ಅದೇ ಯುತಿ ಇನ್ನೆಷ್ಟು ಜನರಿಗೆ ಇದೆ ಅಂತ ಒಂದು ಸಲ ಕೇಳಿ ನೋಡಿ.