ಒಂದೇ ಅಂಗಡಿಯ ಉಡುಗೆ ತೊಡುಗೆ

ವಸ್ತ್ರಧಾರಣೆಗೆ ಕನ್ನಡದಲ್ಲಿ ಒಂದೇ ಕ್ರಿಯಾಪದವಿಲ್ಲ. ಧೋತರ, ಸೀರೆಗಳನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ, ಶಾಲನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ. ಎಲ್ಲಕ್ಕೂ ‘ಹಾಕಿಕೊಂಡೆ’ ಎನ್ನುವ ಇಂದಿನ ರೂಢಿಯಲ್ಲಿ ಈ ಸೊಗಸಾದ ಭೇದ ಅಳಿಯುತ್ತಿರುವುದು ಶೋಚನೀಯ. ಅದಿರಲಿ. ಈ ನಾಲ್ಕೂ ಕ್ರಿಯೆಗಳಿಗೆ ಬೇಕಾದುದನ್ನೆಲ್ಲ ಒಂದೇ ಅಂಗಡಿಯಿಂದ ಪಡೆಯುವುದು ಸಾಧ್ಯವೇ, ಸಾಧ್ಯವಾದರೆ ಉಚಿತವೇ ಎಂಬುದು ಪ್ರಕೃತ ವಿಚಾರ.

ಖಾದಿ ಭಂಡಾರವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಕೈಯಿಂದ ನೂತ ನೂಲನ್ನು ಕೈಮಗ್ಗದಲ್ಲಿ ನೇಯ್ದುದೇ ಖಾದಿ. ಅದು ಹತ್ತಿಯದೇ ಆಗಬೇಕೆಂದಿಲ್ಲ. ರೇಷ್ಮೆ, ಉಣ್ಣೆಗಳಲ್ಲಿಯೂ ಉಂಟು. ಆದ್ದರಿಂದ ನಿತ್ಯದ ಧೋತರ, ಜುಬ್ಬದ ಬಟ್ಟೆ, ಚಳಿಗಾಲದ ಶಾಲು, ಮದುವೆಯ ರೇಷ್ಮೆ ಇವೆಲ್ಲ ಒಂದೇ ಸೂರಿನಡಿ ದೊರೆಯಬಲ್ಲವು. ಪಾಲಿಯೆಸ್ಟರ್ ಬೆರೆತ ಪಾಲಿವಸ್ತ್ರವನ್ನೂ ಅಲ್ಲಿ ಮಾರುವುದುಂಟು. ಶುದ್ಧ ಹತ್ತಿಯೇ ಬೇಕೆಂಬವರು ಕೇಳಿ ಕೊಳ್ಳತಕ್ಕದ್ದು.

ಬೆಲೆಯ ಆಕ್ಷೇಪ ಹೊಸದಲ್ಲ. 1921ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರು ಮಧುರೆಯಲ್ಲಿ ತುಂಡು ಪಂಚೆಯನ್ನು ಉಟ್ಟುದಕ್ಕೆ, ಖಾದಿಯನ್ನು ಕೊಳ್ಳುವ ಶಕ್ತಿ ತಮಗಿಲ್ಲವೆಂದು ಬಡವರು ಆಡಿದ ಮಾತೂ ಒಂದು ಕಾರಣ. ನಾಲ್ಕು ಮಕ್ಕಳ ಸಂಸಾರಸ್ಥನಿಗೆ ಸರ್ವವೂ ಖಾದಿಯೇ ಆಗಲೆಂದು ವಿಧಿಸುವುದು ನನ್ನ ಮತದಲ್ಲಿ ಅನ್ಯಾಯವೇ ಸರಿ. ಗಾಂಧೀ ಜಯಂತಿಯ ಸುಮಾರಿಗೆ ರಿಯಾಯಿತಿ ದೊರೆಯುವಾಗ ವರ್ಷಕ್ಕೆ ಎರಡು ಜೊತೆ ಕೊಂಡರೂ ಅಲ್ಪವಲ್ಲ.

ಈ ಆಯ್ಕೆಯಲ್ಲಿ ನೂಲುವವರ ಅನ್ನದ ಪ್ರಶ್ನೆಯೂ ಅಡಗಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜಕ್ಕೆ ಹೆಸರಾದುದು. 2021ರ ಡಿಸೆಂಬರಿನ ತಿದ್ದುಪಡಿಯಿಂದ ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಧ್ವಜವೊಂದನ್ನೇ ನೆಚ್ಚಿ ರಾಟೆಗಳು ತಿರುಗಲಾರವು. ನಾವು ಉಡುವ, ತೊಡುವ ಬಟ್ಟೆಯೂ ಅವುಗಳಿಗೆ ಕೆಲಸ ಕೊಡಬೇಕಾಗಿದೆ.

ಒಂದೇ ಕಡೆ ಕೊಳ್ಳುವುದರಲ್ಲಿ ಒಂದು ಅನುಕೂಲವುಂಟು: ಬಟ್ಟೆಯ ಗುಣ ಪರಿಚಿತವಾಗುತ್ತದೆ, ಎಷ್ಟು ಕುಗ್ಗೀತೆಂಬುದು ದರ್ಜಿಗೂ ತಿಳಿದಿರುತ್ತದೆ. ದೋಷವೂ ಉಂಟು. ಇಂದು ಮೆಚ್ಚಿದ ಬಣ್ಣ ಮುಂದಿನ ಸಲ ಅದೇ ಛಾಯೆಯಲ್ಲಿ ಸಿಕ್ಕೀತೆಂಬ ಭರವಸೆಯಿಲ್ಲ. ಜೊತೆಗೆ ಬೇಕಾದುದನ್ನು ಒಮ್ಮೆಗೇ ಕೊಳ್ಳಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಎಳೆಗಳು ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣಗೆ ಕಂಡರೆ ಅದು ಕೈನೂಲಿನ ಸ್ವಭಾವ, ಕೊರತೆಯಲ್ಲ. ಅಳತೆಗಿಂತ ತುಸು ಹೆಚ್ಚು ಕೊಂಡು, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿದ ಮೇಲೆಯೇ ಹೊಲಿಯಲು ಕೊಡಿರಿ. ಬಣ್ಣದ ಬಟ್ಟೆಯನ್ನು ಮಾತ್ರ ಬಿಳಿಯದರೊಡನೆ ನೆನೆಸಬೇಡಿರಿ.