ಒಬ್ಬ ದಾದಿಗೆ ಎಷ್ಟು ರೋಗಿಗಳು?

ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಆಗಬೇಕೆಂದರೆ ವೈದ್ಯರು ಯಾರು, ಖರ್ಚೆಷ್ಟು, ಕೋಣೆ ಹೇಗಿದೆ ಎಂದು ವಿಚಾರಿಸುತ್ತೇವೆ. ರಾತ್ರಿ ಪಾಳಿಯಲ್ಲಿ ಆ ವಾರ್ಡಿಗೆ ಎಷ್ಟು ಮಂದಿ ದಾದಿಯರಿರುತ್ತಾರೆ ಎಂದು ಕೇಳುವವರು ವಿರಳ. ರೋಗಿ ಸುರಕ್ಷಿತವಾಗಿ ಮನೆಗೆ ಮರಳುವುದರಲ್ಲಿ ಈ ಸಂಖ್ಯೆಯ ಪಾತ್ರವೂ ದೊಡ್ಡದು.

ದಾದಿಯ ಕೆಲಸವೆಂದರೆ ಮಾತ್ರೆ, ಇಂಜೆಕ್ಷನ್ ಕೊಡುವುದಷ್ಟೇ ಎಂದು ಹಲವರು ತಿಳಿದಿದ್ದಾರೆ. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ನೋಡಿ ಹೋಗುತ್ತಾರೆ. ಉಳಿದ ಹೊತ್ತೆಲ್ಲ ರೋಗಿಯ ಮೇಲೆ ಕಣ್ಣಿಟ್ಟಿರುವವರು ದಾದಿಯರೇ. ನಾಡಿ, ರಕ್ತದೊತ್ತಡ, ಉಸಿರಾಟ, ಜ್ವರಗಳನ್ನು ನೋಡಿ ಬರೆದಿಡುವುದು, ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಗಾಯದ ಪಟ್ಟಿ ರಕ್ತದಲ್ಲಿ ನೆನೆದಿದೆಯೇ ಎಂದು ಗಮನಿಸುವುದು, ತಾವಾಗಿ ಹೊರಳಲಾಗದವರ ಮಗ್ಗುಲು ಬದಲಿಸುವುದು ಎಲ್ಲವೂ ಅವರ ಪಾಲಿನದು. ಎಷ್ಟೋ ರೋಗಿಗಳಲ್ಲಿ ಸ್ಥಿತಿ ವಿಷಮಿಸುವ ಕೆಲವು ಗಂಟೆಗಳ ಮೊದಲೇ ಉಸಿರು ಚುರುಕಾಗುವುದು, ರಕ್ತದೊತ್ತಡ ಇಳಿಯುವುದು, ಮಾತು ತಡವರಿಸುವುದು ಮುಂತಾದ ಸೂಚನೆಗಳು ಕಾಣಿಸುತ್ತವೆ. ಅದನ್ನು ಕಾಣಲು ಯಾರಾದರೂ ಹತ್ತಿರ ಹೋಗಿ ನೋಡಬೇಕು. ಮೂವತ್ತು ಹಾಸಿಗೆಗಳ ನಡುವೆ ಓಡಾಡುವ ಒಬ್ಬರಿಗೆ ಅದು ಹೇಗೆ ಸಾಧ್ಯ?

ಅಂಕಿಅಂಶಗಳು ಏನು ಹೇಳುತ್ತವೆ?

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 2.3 ಲಕ್ಷಕ್ಕೂ ಹೆಚ್ಚು ರೋಗಿಗಳ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ, ದಾಖಲಾದ 30 ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇ 7ರಷ್ಟು ಹೆಚ್ಚಿತ್ತು. ಇದರರ್ಥ ನೂರಕ್ಕೆ ಏಳು ಮಂದಿ ಹೆಚ್ಚಾಗಿ ಸತ್ತರು ಎಂದಲ್ಲ. ಸಾವಿರ ರೋಗಿಗಳಲ್ಲಿ 20 ಮಂದಿ ಸಾಯುವ ಕಡೆ, ದಾದಿಯ ಹೊರೆ ನಾಲ್ಕರಿಂದ ಎಂಟು ರೋಗಿಗಳಿಗೆ ಏರಿದರೆ ಆ ಸಂಖ್ಯೆ ಸುಮಾರು 26 ಆಗುತ್ತದೆ ಎಂದು ತಿಳಿಯಬಹುದು.

ಕ್ಯಾಲಿಫೋರ್ನಿಯ ರಾಜ್ಯ 1999ರಲ್ಲಿ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿತು. ಸಾಮಾನ್ಯ ವಾರ್ಡಿನಲ್ಲಿ ಒಬ್ಬ ದಾದಿಗೆ ಮೊದಲು ಆರು, 2005ರಿಂದ ಐದು ರೋಗಿಗಳಿಗಿಂತ ಹೆಚ್ಚಿರಬಾರದು. ತೀವ್ರ ನಿಗಾ ಘಟಕದಲ್ಲಿ ಎರಡಕ್ಕಿಂತ ಹೆಚ್ಚಿರಬಾರದು. ಈ ಮಿತಿಯನ್ನು ಎಲ್ಲ ಹೊತ್ತಿನಲ್ಲೂ ಪಾಲಿಸಬೇಕು. ದಾದಿ ಊಟಕ್ಕೆ ಹೋದಾಗಲೂ ಸಡಿಲಿಕೆಯಿಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2016ರಲ್ಲಿ 27 ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಿಗೆ ಹಗಲು ನಾಲ್ವರು, ರಾತ್ರಿ ಏಳು ರೋಗಿಗಳಿಗೆ ಒಬ್ಬರಂತೆ ದಾದಿಯರನ್ನು ನಿಗದಿ ಮಾಡಿತು. ನಿಯಮವಿಲ್ಲದ ಆಸ್ಪತ್ರೆಗಳೊಡನೆ ಹೋಲಿಸಿದಾಗ ಇಲ್ಲಿ ಸಾವಿನ ಪ್ರಮಾಣ ತಗ್ಗಿದ್ದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು.

ಕಾಗದದ ಲೆಕ್ಕ, ಪಾಳಿಯ ಲೆಕ್ಕ

ನಮ್ಮಲ್ಲೂ ಅಳತೆಗೋಲಿದೆ. ಬೋಧನಾ ಆಸ್ಪತ್ರೆಯಲ್ಲಿ ಮೂರು ಹಾಸಿಗೆಗೆ, ಸಾಮಾನ್ಯ ಆಸ್ಪತ್ರೆಯಲ್ಲಿ ಐದು ಹಾಸಿಗೆಗೆ ಒಬ್ಬರಂತೆ ದಾದಿಯರಿರಬೇಕು, ರಜೆಗಾಗಿ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಬೇಕು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಇಂಥ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಹಾಜರಿ ಪುಸ್ತಕದಲ್ಲಿರುವ ಸಂಖ್ಯೆ ಬೇರೆ, ಪಾಳಿಯಲ್ಲಿ ಕೆಲಸ ಮಾಡುತ್ತಿರುವ ಸಂಖ್ಯೆ ಬೇರೆ.

30 ಹಾಸಿಗೆಯ ವಾರ್ಡಿನ ಹಾಜರಿ ಪುಸ್ತಕದಲ್ಲಿ, ಐದಕ್ಕೊಬ್ಬರಂತೆ ಆರು ಮಂದಿ, ರಜೆಗಾಗಿ ಇಬ್ಬರು, ಒಟ್ಟು ಎಂಟು ಹೆಸರುಗಳಿವೆ ಎನ್ನೋಣ. ವಾರದ ರಜೆ, ಇತರ ರಜೆ ಕಳೆದರೆ ದಿನಕ್ಕೆ ಉಳಿಯುವವರು ಆರು. ದಿನಕ್ಕೆ ಮೂರು ಪಾಳಿಯಾದ್ದರಿಂದ ಪಾಳಿಗೆ ಇಬ್ಬರು. ಹೆಸರಿಗೆ ಐದು ರೋಗಿಗಳಿಗೆ ಒಬ್ಬರಾದರೂ ಹಾಸಿಗೆಯ ಬಳಿ ಹದಿನೈದಕ್ಕೆ ಒಬ್ಬರು! ರಜೆಯ ಜಾಗಕ್ಕೆ ನೇಮಕವೇ ಆಗದಿದ್ದರೆ ರಾತ್ರಿ ಮೂವತ್ತು ರೋಗಿಗಳಿಗೆ ಒಬ್ಬರೇ ಉಳಿದರೂ ಆಶ್ಚರ್ಯವಿಲ್ಲ.

ನೀವೇನು ಮಾಡಬಹುದು?

1. ದಾಖಲಾಗುವಾಗಲೇ ರಾತ್ರಿ ಪಾಳಿಯಲ್ಲಿ ಈ ವಾರ್ಡಿಗೆ ಎಷ್ಟು ದಾದಿಯರು, ಎಷ್ಟು ರೋಗಿಗಳು ಎಂದು ವಿನಯದಿಂದ ಕೇಳಿರಿ. ಆಸ್ಪತ್ರೆಯಲ್ಲಿ ಒಟ್ಟು ಎಷ್ಟು ದಾದಿಯರಿದ್ದಾರೆಂಬ ಉತ್ತರದಿಂದ ತೃಪ್ತರಾಗಬೇಡಿ.

2. ಉಸಿರು ವೇಗವಾದರೆ, ಮೈ ತಣ್ಣಗಾಗಿ ಬೆವರಿದರೆ, ರೋಗಿ ಗೊಂದಲಗೊಂಡಂತೆ ಮಾತನಾಡಿದರೆ, ಪಟ್ಟಿ ರಕ್ತದಿಂದ ನೆನೆದರೆ, ಹಲವು ಗಂಟೆ ಮೂತ್ರ ಹೋಗದಿದ್ದರೆ ಬೆಳಗಿನವರೆಗೆ ಕಾಯದೆ ತಕ್ಷಣ ತಿಳಿಸಿರಿ.

3. ಊಟ ಮಾಡಿಸುವುದು, ಬಾಯಿ ಒರೆಸುವುದು, ಎಬ್ಬಿಸಿ ಕೂರಿಸುವುದು ಮುಂತಾದವನ್ನು ದಾದಿಯನ್ನು ಕೇಳಿಕೊಂಡೇ ಮಾಡಿರಿ. ಡ್ರಿಪ್ ವೇಗ, ಆಮ್ಲಜನಕದ ನಳಿಕೆಗಳನ್ನು ಮಾತ್ರ ಮುಟ್ಟಬೇಡಿ.

4. ದಾದಿ ಔಷಧಿ ಹಂಚುವಾಗ ಸಣ್ಣಪುಟ್ಟ ವಿಷಯಕ್ಕೆ ಕರೆದು ಗಮನ ಕೆಡಿಸಬೇಡಿ. ತುರ್ತಾದರೆ ಹಿಂಜರಿಯಲೂಬೇಡಿ.

ಕರೆದ ಕೂಡಲೇ ಬರಲಿಲ್ಲವೆಂದು ದಾದಿಯ ಮೇಲೆ ರೇಗುವ ಮೊದಲು ಆ ಹೊತ್ತಿನಲ್ಲಿ ಆಕೆ ಎಷ್ಟು ಮಂದಿಯನ್ನು ನೋಡುತ್ತಿದ್ದಾರೆ ಎಂದು ಎಣಿಸಿ ನೋಡಿರಿ. ಆ ಸಂಖ್ಯೆಯನ್ನು ನಿಗದಿ ಮಾಡಿದವರು ಆಕೆಯಲ್ಲ. ದಾದಿಯರು ಸಾಲದೆಂದು ಕಂಡರೆ ವಾರ್ಡು, ದಿನಾಂಕ, ಪಾಳಿ, ರೋಗಿಗಳ ಸಂಖ್ಯೆ ನಮೂದಿಸಿ ವೈದ್ಯಕೀಯ ಅಧೀಕ್ಷಕರಿಗೆ ಲಿಖಿತವಾಗಿ ತಿಳಿಸಿರಿ. ವಾರ್ಡಿನಲ್ಲಿ ಎತ್ತರದ ದನಿಯಲ್ಲಿ ಆಡಿದ ಮಾತು ಅಲ್ಲಿಗೇ ಮುಗಿಯುತ್ತದೆ. ಬರೆದು ಕೊಟ್ಟದ್ದಕ್ಕೆ ಉತ್ತರ ಕೇಳಬಹುದು.