ಕಡಲ ತಳವು ಮೇಲೆದ್ದಾಗ

ಯಾದಗಿರಿಯವರಾದ ನಮಗೆ ಭೀಮಾನದಿಯ ನೆರೆಯು ಪರಿಚಿತವೇ ಹೊರತು ಕಡಲಿನ ತೆರೆಯು ಪರಿಚಿತವಲ್ಲ. ಭೂಕಂಪವನ್ನಾದರೋ ನಮ್ಮ ಸೀಮೆಯ ಹಿರಿಯರು ಬಲ್ಲರು. 1993ನೆಯ ಇಸವಿ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ನೆಲವು ನಡುಗಿದಾಗ ಕಲಬುರ್ಗಿ ಪ್ರಾಂತವೂ ನಡುಗಿತು. ಇಂತಹ ಕಂಪವು ಕಡಲಿನ ಕೆಳಗೆ ಸಂಭವಿಸಿದರೆ ಸುನಾಮಿಯೆಂಬ ಮಹಾತರಂಗವು ಏಳುವುದುಂಟು. ಅದು ಹೇಗೆಂದು ವಿಚಾರಿಸೋಣ.

ಭೂಮಿಯ ಹೊರಚಿಪ್ಪು ಅನೇಕ ಫಲಕಗಳಾಗಿ ಒಡೆದಿದೆ. ಸುಮಾತ್ರದ ಪಶ್ಚಿಮಕ್ಕೆ ಒಂದು ಫಲಕವು ಮತ್ತೊಂದರ ಕೆಳಗೆ ಮೆಲ್ಲಮೆಲ್ಲನೆ ತೂರುತ್ತಿದೆ. ಎರಡೂ ಕಚ್ಚಿಕೊಂಡಿರುವುದರಿಂದ ಮೇಲಿನ ಫಲಕದ ಅಂಚು ಕೆಳಕ್ಕೆ ಸೆಳೆಯಲ್ಪಟ್ಟು, ಬಗ್ಗಿಸಿದ ಬಿದಿರಿನಂತೆ ಬಿಗಿದುಕೊಳ್ಳುವುದು. 2004ನೆಯ ಡಿಸೆಂಬರ್ 26ರಂದು, ನಮ್ಮ ಗಡಿಯಾರದಲ್ಲಿ ಮುಂಜಾನೆ ಸುಮಾರು ಆರೂವರೆಗೆ, ಆ ಹಿಡಿತವು ಸುಮಾರು 1300 ಕಿಲೋಮೀಟರ್ ಉದ್ದಕ್ಕೂ ಬಿಟ್ಟುಹೋಯಿತು. ಅಂಚು ಕೆಲವು ಮೀಟರುಗಳಷ್ಟು ಚಿಮ್ಮಿತು. ಅದರ ಮೇಲಿನ ನೀರೆಲ್ಲವೂ ತಳದಿಂದ ಮೇಲ್ಮೈವರೆಗೆ ಎತ್ತಲ್ಪಟ್ಟಿತು. ಉಬ್ಬಿದ ಆ ನೀರು ಸಮವಾಗಲು ಎರಡೂ ಕಡೆಗೆ ಹರಿಯಿತು. ಅದೇ ಸುನಾಮಿ.

ನಡುಕ ಮಾತ್ರವೇ ಇದಕ್ಕೆ ಸಾಲದು. ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ, ತಳದಲ್ಲಿ ಅಂಗೈಯನ್ನಿಟ್ಟು ತಟ್ಟನೆ ಮೇಲಕ್ಕೆತ್ತಿರಿ, ನೀರು ಉಬ್ಬುವುದು. ಕೈಯನ್ನು ತಳದ ಮೇಲೆಯೇ ಪಕ್ಕಕ್ಕೆ ಸರಿಸಿರಿ. ನೀರು ಅಷ್ಟಾಗಿ ಉಬ್ಬದು. 2012ನೆಯ ಏಪ್ರಿಲ್ 11ರಂದು ಸುಮಾತ್ರದ ಬಳಿಯಲ್ಲಿಯೇ 8.6 ಪ್ರಮಾಣದ ಕಂಪವಾದರೂ, ತಳವು ಮುಖ್ಯವಾಗಿ ಅಡ್ಡಕ್ಕೆ ಸರಿದದ್ದರಿಂದ ದೊಡ್ಡ ಸುನಾಮಿ ಏಳಲಿಲ್ಲ.

4000 ಮೀಟರ್ ಆಳದ ಕಡಲಿನಲ್ಲಿ ಈ ತೆರೆಯು ಗಂಟೆಗೆ ಸುಮಾರು 700 ಕಿಲೋಮೀಟರ್ ಓಡುವುದು. ಆದರೂ ಅಲ್ಲಿ ಅದರ ಎತ್ತರ ಅತ್ಯಲ್ಪವಾದುದರಿಂದ ಹಡಗಿನವರಿಗೆ ತಿಳಿಯದು. ದಡದ ಬಳಿ ಆಳವು ಕಡಿಮೆಯಾಗಲು ಮುಂದಿನ ನೀರು ನಿಧಾನಿಸುವುದು, ಹಿಂದಿನದು ಬಂದು ಸೇರುವುದು. ಹೀಗೆ ತೆರೆಯು ಗೋಡೆಯಂತೆ ಬೆಳೆಯುವುದು. ತೆರೆಯ ತಗ್ಗು ಮೊದಲು ಬಂದರೆ ಕಡಲು ಹಿಂದಕ್ಕೆ ಸರಿದು ತಳವು ಬರಿದಾಗಿ ಕಾಣುವುದು.

2004ರ ಆ ದಿನ ಥಾಯ್ಲೆಂಡಿನ ಫುಕೆಟ್ ದ್ವೀಪದಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಆಂಗ್ಲ ಬಾಲಿಕೆಯಿದ್ದಳು. ಎರಡು ವಾರಗಳ ಹಿಂದಷ್ಟೇ ಭೂಗೋಳದ ಪಾಠದಲ್ಲಿ ಸುನಾಮಿಯ ವಿಷಯ ಕಲಿತಿದ್ದ ಅವಳು, ನೀರಿನ ವಿಚಿತ್ರವಾದ ನೊರೆಯನ್ನು ಕಂಡು ತಂದೆತಾಯಿಗಳನ್ನು ಎಚ್ಚರಿಸಿದಳು. ಅವಳಿಂದ ಸುಮಾರು ನೂರು ಜನರು ಉಳಿದರು.

ನಮ್ಮ ಪಶ್ಚಿಮದ ಕಡಲೂ ಇದಕ್ಕೆ ಹೊರತಲ್ಲ. 1945ರ ನವೆಂಬರಿನಲ್ಲಿ ಮಕ್ರಾನ್ ತೀರದಲ್ಲೆದ್ದ ಸುನಾಮಿಯು ಮುಂಬಯಿಯನ್ನೂ ಮುಟ್ಟಿತು. ಹೈದರಾಬಾದಿನಲ್ಲಿ 2007ರಿಂದ ಸುನಾಮಿಯ ಮುನ್ನೆಚ್ಚರಿಕೆ ಕೇಂದ್ರವಿದೆ. ಆದರೂ ನಿಮ್ಮಲ್ಲಿ ಕೆಲವರು ಮುಂದೆ ಉಪಾಧ್ಯಾಯಿನಿಯರಾಗಿಯೋ ದಾದಿಯರಾಗಿಯೋ ಕಾರವಾರ, ಮಂಗಳೂರುಗಳಿಗೆ ಹೋಗಬಹುದು. ದಡದಲ್ಲಿ ನೆಲವು ಬಹಳ ಹೊತ್ತು ನಡುಗಿದರೆ, ಅಥವಾ ಕಡಲು ಅಕಾಲದಲ್ಲಿ ಹಿಂದೆ ಸರಿದರೆ, ಚಿಪ್ಪು ಆಯಲು ನಿಲ್ಲಬೇಡಿರಿ. ಜೊತೆಯವರನ್ನು ಕೂಗಿ ಎತ್ತರದ ಸ್ಥಳಕ್ಕೆ ಹೋಗಿರಿ. ಮೊದಲ ತೆರೆ ಇಳಿಯಿತೆಂದು ಬೇಗನೆ ಮರಳಬೇಡಿರಿ. ಮುಂದಿನದು ಅದಕ್ಕಿಂತ ದೊಡ್ಡದಾಗಿರಬಹುದು. ಪರೀಕ್ಷೆಗಾಗಿ ಕಲಿತ ಪಾಠವು ಪ್ರಾಣವನ್ನೂ ಕಾಯಬಲ್ಲುದೆಂಬುದನ್ನು ನಾವೆಲ್ಲರೂ ನೆನಪಿನಲ್ಲಿಡೋಣ.